ಕಾಂಟೆಸ್ಸಾ ಮತ್ತೆ ಬರುತ್ತಂತೆ!

ಟಾರ್ಪಾಲು ಎಳೆದದ್ದೇ ತಡ, ಧೂಳು ಮೋಡದಂತೆ ಎದ್ದಿತು. ಕೆಮ್ಮು ಬಂತು, ಕಣ್ಣು ಉರಿಯಿತು, ಆದರೂ ರೆಪ್ಪೆ ಮುಚ್ಚುವ ಮನಸ್ಸಾಗಲಿಲ್ಲ. ಮೊದಲು ಬಾನೆಟ್ ಕಂಡಿತು. ಎಷ್ಟು ಉದ್ದ! ಅದರ ಮೇಲೆ ಒಂದು ಮಗುವನ್ನು ಹಾಯಾಗಿ ಮಲಗಿಸಬಹುದು. ಆಮೇಲೆ ಪಕ್ಕದ ಗೆರೆ: ಮುಂಚಕ್ರದ ಮೇಲೆ ಉಬ್ಬಿ, ನಡುವೆ ಸಣ್ಣಗಾಗಿ, ಹಿಂಚಕ್ರದ ಮೇಲೆ ಮತ್ತೆ ತುಂಬಿಕೊಂಡ ಸೊಂಟ. ಡಿಕ್ಕಿಯ ಕಡೆಗೆ ಓಡಿದೆ. ಅಂಗೈಯಿಂದ ಧೂಳು ಒರೆಸಿದೆ. ಅಕ್ಷರಗಳು ಒಂದೊಂದಾಗಿ ಹೊರಬಂದವು. ಇಸುಜು!

ಕಾಂಟೆಸ್ಸಾ! ಮೂವತ್ತು ವರ್ಷಗಳಾದ ಮೇಲೆ ಮತ್ತೆ ಒಂದು ಕಾಂಟೆಸ್ಸಾದ ಮೈಮೇಲೆ ನನ್ನ ಕೈ. ಚಿಕ್ಕಂದಿನಲ್ಲಿ ಕಲಬುರಗಿಯ ಒಂದು ಮದುವೆ ಮನೆಯ ಮುಂದೆ ಇಂಥದ್ದೇ ಕಾರು ನಿಂತಿತ್ತು. ಒಳಗೆ ಅಕ್ಷತೆ ಬೀಳುವ ಹೊತ್ತಿಗೆ ನಾವು ಆರೇಳು ಹುಡುಗರು ಹೊರಗೆ ನಿಂತು, ಇದೇ ಅಕ್ಷರಗಳ ಮೇಲೆ ಬೆರಳಾಡಿಸುತ್ತ, ಅದನ್ನು ಹೇಗೆ ಓದಬೇಕೆಂದು ಜಗಳವಾಡಿದ್ದೆವು. ಅದು ಜಪಾನಿನ ಎಂಜಿನ್ ಕಂಪನಿಯ ಹೆಸರು ಎಂದು ಗೊತ್ತಾಗಲು ನನಗೆ ಇನ್ನೂ ಹತ್ತು ವರ್ಷ ಬೇಕಾಯಿತು.

ನಾಗಪುರಕ್ಕೆ ನನ್ನನ್ನು ಕರೆಸಿಕೊಂಡವನು ಆ ಹುಡುಗರಲ್ಲೇ ಒಬ್ಬ. ನೌಕರಿಯ ಮೇಲೆ ಹೋಗಿ ಅಲ್ಲೇ ನೆಲೆಯಾದವನು. ಫೋನಿನಲ್ಲಿ ಅವನ ದನಿ ನಡುಗುತ್ತಿತ್ತು. "ದೋಸ್ತ, ಒಮ್ಮೆ ಬಂದು ಹೋಗು. ಇಲ್ಲೊಂದು ಚೀಜ್ ಅದ. ಹೇಳಿದ್ರ ನೀ ನಂಬಂಗಿಲ್ಲ." ಆಮೇಲೆ ಒಂದು ಕ್ಷಣ ಬಿಟ್ಟು, ಗುಟ್ಟು ಹೇಳುವವನಂತೆ: "ಕಾಂಟೆಸ್ಸಾ ವಾಪಸ್ ಬರ್ತದಂತ!"

ಅಂತೆ! ಕನ್ನಡದ ಈ ಎರಡಕ್ಷರದಲ್ಲಿ ಎಷ್ಟು ಆಸೆ ಹಿಡಿಯುತ್ತದೆ ನೋಡಿ. ಅಂತೆಕಂತೆ ಎಂದು ತಳ್ಳಿಹಾಕಬಹುದು. ಆದರೆ ಆ ಅಂತೆಯನ್ನು ಹಿಡಿದುಕೊಂಡೇ ನಾನು ರಾತ್ರಿ ರೈಲು ಹತ್ತಿದೆ.

ನಾಗಪುರದಲ್ಲಿ ಕಾಮಠಿ ರಸ್ತೆ ಇದೆ, ಆ ರಸ್ತೆಯಲ್ಲಿ ಆಟೊಮೋಟಿವ್ ಚೌಕ್ ಇದೆ. ಮೆಟ್ರೊ ನಿಲ್ದಾಣಕ್ಕೂ ಅದೇ ಹೆಸರು. ಒಂದು ಊರು ತನ್ನ ಒಂದು ಚೌಕವನ್ನೇ ವಾಹನಗಳ ಹೆಸರಿಗೆ ಬರೆದುಕೊಟ್ಟಿದೆಯಲ್ಲ ಎಂದು ನನಗೆ ಅಲ್ಲೇ ರೋಮಾಂಚನವಾಯಿತು. ಅಲ್ಲಿಂದ ಒಳಗೆ ತಿರುಗಿ, ಟಯರ್ ಅಂಗಡಿ, ರೇಡಿಯೇಟರ್ ಅಂಗಡಿ, ಡೆಂಟಿಂಗ್ ಪೇಂಟಿಂಗ್ ಶೆಡ್ಡುಗಳನ್ನು ದಾಟಿ, ಬೇವಿನ ಮರದ ಕೆಳಗಿನ ತಗಡಿನ ಗ್ಯಾರೇಜಿಗೆ ಬಂದೆವು. ಗ್ಯಾರೇಜಿನ ಯಜಮಾನರನ್ನು ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಎಪ್ಪತ್ತು ದಾಟಿದ ಮನುಷ್ಯ. ಬೆರಳ ಸಂದಿಯ ಗ್ರೀಸ್ ಚರ್ಮದ ಬಣ್ಣವೇ ಆಗಿಹೋಗಿದೆ. ಟಾರ್ಪಾಲು ಎಳೆದ ಕೈ ಅವರದೇ.

"ಇದಕ್ಕೆ ಜಂಗು ಹಿಡಿದದ್ದು ಕಡಿಮೆ ಸಾಹೇಬ್" ಎಂದರು ಉಸ್ತಾದ್, ಬಾಗಿಲಿನ ತಳವನ್ನು ಬೆರಳಗಂಟಿನಿಂದ ತಟ್ಟಿ. ಟಣ್ ಎಂದಿತು. ತುಕ್ಕು ತಿಂದ ತಗಡು ಹಾಗೆ ಸದ್ದು ಮಾಡುವುದಿಲ್ಲ, ಮಂಕಾಗಿ ಡಬ್ ಎನ್ನುತ್ತದೆ. ನಾಗಪುರದ ಬೇಸಿಗೆ 45 ಡಿಗ್ರಿ ಮುಟ್ಟುತ್ತದೆ, ಸಮುದ್ರ ನೂರಾರು ಮೈಲಿ ದೂರ, ಉಪ್ಪುಗಾಳಿಯ ಸುಳಿವಿಲ್ಲ. ನಮ್ಮ ಮಂಗಳೂರಿನಲ್ಲಾಗಿದ್ದರೆ ಈ ಕಾರಿನ ನೆಲದ ತಗಡು ಎಂದೋ ಕಳಚಿ ಬಿದ್ದಿರುತ್ತಿತ್ತು!

ಈಗ ಈ ಕಾರಿನ ಜಾತಕ ಕೇಳಿ. ನನಗಂತೂ ಪ್ರತಿ ಪುಟವೂ ಅಚ್ಚರಿ.

ಇದು ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಬೇರೆ ಹೆಸರಿನಲ್ಲಿ. ವಾಕ್ಸ್‌ಹಾಲ್ ಕಂಪನಿ 1972ರಲ್ಲಿ ವಿಕ್ಟರ್ ಎಫ್‌ಇ ಎಂಬ ಕಾರು ತಂದಿತು. ಮುಂದೆ ಅದೇ ವಿಎಕ್ಸ್ ಎಂಬ ಹೆಸರು ಪಡೆದು 1978ಕ್ಕೆ ಅಲ್ಲಿ ಮುಗಿದೇ ಹೋಯಿತು. ಅದರ ಅಚ್ಚುಗಳನ್ನು ಹಿಂದೂಸ್ತಾನ್ ಮೋಟಾರ್ಸ್ ಕೊಂಡುಕೊಂಡು, ಅಂಬಾಸಡರ್ ತಯಾರಾಗುತ್ತಿದ್ದ ಕೋಲ್ಕತ್ತ ಬಳಿಯ ಉತ್ತರಪಾರಾದಲ್ಲಿ ಕೂರಿಸಿತು. 1984ರಲ್ಲಿ ಕಾಂಟೆಸ್ಸಾ ಹೊರಬಂತು. ಇಟಾಲಿಯನ್ ಭಾಷೆಯಲ್ಲಿ ಕಾಂಟೆಸ್ಸಾ ಎಂದರೆ ಶ್ರೀಮಂತ ಮನೆತನದ ಒಡತಿ. ಅಂದರೆ, ನೆನಪಿಡಿ, ನಾವು ಯಾವ ಕಾರು ಮತ್ತೆ ಹುಟ್ಟುತ್ತದಂತೆ ಎಂದು ಉಸಿರು ಬಿಗಿಹಿಡಿದಿದ್ದೇವೆಯೋ ಅದು ಮೊದಲ ಸಲ ಭಾರತಕ್ಕೆ ಬಂದದ್ದೇ ಮರುಹುಟ್ಟಿನಲ್ಲಿ!

ಆ ಕಾಲವನ್ನು ಒಮ್ಮೆ ಕಣ್ಣಿಗೆ ತಂದುಕೊಳ್ಳಿ. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಗ್ರಾಹಕರ ಕೈಸೇರಿತ್ತು. ಊರೆಲ್ಲ ಆ ಪುಟಾಣಿ ಪೆಟ್ಟಿಗೆಯ ಹಿಂದೆ ಬಿದ್ದಿದ್ದಾಗ ಸುಮಾರು ನಾಲ್ಕೂವರೆ ಮೀಟರ್ ಉದ್ದದ, ಹಿಂಚಕ್ರದಿಂದ ಓಡುವ, ಮೈಕಟ್ಟಿನ ಕಾರೊಂದು ರಸ್ತೆಗೆ ಇಳಿದರೆ ಹೇಗಿದ್ದೀತು? ಜನ ತಿರುಗಿ ನೋಡಿದರು. ಆದರೆ ಆ ಬಾನೆಟ್ಟಿನ ಕೆಳಗಿದ್ದದ್ದು ಅಂಬಾಸಡರಿನದೇ 1489 ಸಿಸಿ ಎಂಜಿನ್, ಸುಮಾರು 50 ಬಿಎಚ್‌ಪಿ. ಪೈಲ್ವಾನನ ಮೈಗೆ ಗುಬ್ಬಿಯ ಎದೆ ಕೊಟ್ಟ ಹಾಗಾಯಿತು.

ಆಗ ಬಂತು ಜಪಾನಿನ ಇಸುಜು. 1817 ಸಿಸಿ ಪೆಟ್ರೋಲ್ ಎಂಜಿನ್, 88 ಬಿಎಚ್‌ಪಿ, ಐದು ಗೇರು. ಕಾರಿನ ಹೆಸರು ಕಾಂಟೆಸ್ಸಾ ಕ್ಲಾಸಿಕ್ ಆಯಿತು, ಡಿಕ್ಕಿಯ ಮೇಲೆ ಇಸುಜು ಎಂಬ ಅಕ್ಷರ ಬಂತು. ಎಂಬತ್ತರ ದಶಕದ ಕೊನೆಯ ಭಾರತದಲ್ಲಿ 88 ಬಿಎಚ್‌ಪಿ ಎಂದರೆ ಸಾಮಾನ್ಯವೇ? ಎದುರಾಳಿಗಳು ಪ್ರೀಮಿಯರ್ 118 ಎನ್‌ಇ, ಸ್ಟ್ಯಾಂಡರ್ಡ್ 2000, ಆಮೇಲೆ 1990ರಲ್ಲಿ ಮಾರುತಿ 1000. ಇವುಗಳ ನಡುವೆ ಕಾಂಟೆಸ್ಸಾ ಗೂಳಿಯ ಹಾಗೆ ನಿಂತಿತು. ಮಂತ್ರಿಗಳು ಕೊಂಡರು, ವ್ಯಾಪಾರಿಗಳು ಕೊಂಡರು, ಸಿನಿಮಾದ ಖಳನಾಯಕರು ಇದರಲ್ಲೇ ಬಂದಿಳಿದರು.

ಆ ಎಂಜಿನ್ ತಯಾರಾದದ್ದು ಎಲ್ಲಿ ಗೊತ್ತೆ? ಉಸ್ತಾದ್ ಹೇಳಿದಾಗ ನಾನು ಕುಳಿತಿದ್ದ ಟಯರಿನಿಂದ ಎದ್ದೇಬಿಟ್ಟೆ. ಇಂದೋರ್ ಹತ್ತಿರದ ಪೀಥಂಪುರದಲ್ಲಿ! ಇಸುಜು ಜತೆಗಿನ ಒಪ್ಪಂದದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಅಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಘಟಕ ಹಾಕಿತ್ತು. ಈ ಕಾರಿನ ಮೈ ಬಂಗಾಳದ್ದು, ಗುಂಡಿಗೆ ಮಧ್ಯ ಭಾರತದ್ದು. ಅದು ಈಗ ಬೇವಿನ ಮರದ ಕೆಳಗೆ ಮಲಗಿರುವ ನಾಗಪುರದಲ್ಲಂತೂ ದೇಶದ ನಡುಬಿಂದು ಎಂದು ಜನ ಹೇಳುವ, ಬ್ರಿಟಿಷರು ನಿಲ್ಲಿಸಿದ ಝೀರೊ ಮೈಲ್ ಕಂಬವಿದೆ, ಕಂಬದ ಬಳಿ ನಾಲ್ಕು ಕುದುರೆಗಳ ಪ್ರತಿಮೆಗಳಿವೆ. ಕಾರಿನ ಮಾತು ಆಡುವುದಕ್ಕೆ ಇದಕ್ಕಿಂತ ಒಳ್ಳೆಯ ಊರು ಬೇಕೆ?

ಭಾನುವಾರ ಮಧ್ಯಾಹ್ನ ಗ್ಯಾರೇಜಿನಲ್ಲಿ ಜನ ಸೇರಿದರು. ಏಳೆಂಟು ಮಂದಿ. ಕಿತ್ತಳೆಯ ಕಾಲ. ಒಬ್ಬರು ಚೀಲ ತುಂಬ ಹಣ್ಣು ತಂದಿದ್ದರು. ಸಿಪ್ಪೆ ಸುಲಿಯುವ ವಾಸನೆಯೂ ಪೆಟ್ರೋಲಿನ ವಾಸನೆಯೂ ಬೆರೆತು ತಗಡಿನ ಸೂರಿನ ಕೆಳಗೆ ಏನೋ ಹಬ್ಬದ ಗಾಳಿ. ಮಾತು ಒಂದೇ: ಕಾಂಟೆಸ್ಸಾ ಬರುತ್ತಂತೆ.

ಈ ಅಂತೆಗೆ ಬೇರು ಇಲ್ಲದಿಲ್ಲ. ಕಾಂಟೆಸ್ಸಾ 2002ರಲ್ಲಿ ನಿಂತಿತು. ಎಸ್ಟೀಮ್, ಸಿಯೆಲೊ, ಆಸ್ಟ್ರಾ ಒಂದರ ಹಿಂದೆ ಒಂದು ಬಂದಿದ್ದವು. ಹಿಂದೂಸ್ತಾನ್ ಮೋಟಾರ್ಸ್ ತಾನೇ 1998ರಲ್ಲಿ ಮಿತ್ಸುಬಿಷಿ ಲ್ಯಾನ್ಸರ್ ತಂದಾಗ ಹಳೆಯ ಒಡತಿಯನ್ನು ಕೇಳುವವರು ಯಾರು? 2014ರ ಮೇ ತಿಂಗಳಲ್ಲಿ ಉತ್ತರಪಾರಾ ಕಾರ್ಖಾನೆಯೂ ಕೆಲಸ ನಿಲ್ಲಿಸಿತು. 2017ರಲ್ಲಿ ಅಂಬಾಸಡರ್ ಎಂಬ ಹೆಸರನ್ನು ಫ್ರಾನ್ಸಿನ ಪ್ಯೂಜೊ 80 ಕೋಟಿ ರೂಪಾಯಿಗೆ ಕೊಂಡಿತು. ಬರೀ ಹೆಸರಿಗೆ 80 ಕೋಟಿ! 2022ರ ಜೂನ್‌ನಲ್ಲಿ ಕಾಂಟೆಸ್ಸಾ ಹೆಸರಿನ ಹಕ್ಕು ಎಸ್‌ಜಿ ಕಾರ್ಪೊರೇಟ್ ಮೊಬಿಲಿಟಿ ಎಂಬ ಸಂಸ್ಥೆಗೆ ವರ್ಗವಾಗುವ ಒಪ್ಪಂದದ ಸುದ್ದಿ ಬಂದಾಗ ದೇಶದ ಕಾರುಹುಚ್ಚರು ಹಾಸಿಗೆಯಿಂದ ಜಿಗಿದು ಎದ್ದರು. ಬ್ಯಾಟರಿಯಲ್ಲಿ ಓಡುತ್ತಂತೆ ಎಂದರು ಕೆಲವರು. ಎರಡೇ ಬಾಗಿಲಂತೆ, ಕೂಪೆಯಂತೆ ಎಂದರು ಇನ್ನು ಕೆಲವರು. ಕಲಾವಿದರು ಕಂಪ್ಯೂಟರಿನಲ್ಲಿ ಚಿತ್ರ ಬರೆದರು, ಚಿತ್ರ ನೋಡಿದವರು ಕಾರೇ ನೋಡಿದೆವೆಂದು ನಂಬಿದರು. ಹಕ್ಕಿನ ಒಪ್ಪಂದ ಆದದ್ದು ನಿಜ. ಕಾರು ಮಾತ್ರ ಇನ್ನೂ ಬಂದಿಲ್ಲ.

ಆ ಭಾನುವಾರದ ಸಭೆಯಲ್ಲಿ ಎಲ್ಲರಿಗಿಂತ ದೊಡ್ಡ ದನಿ ಇಂಜಿನಿಯರಿಂಗ್ ಓದುತ್ತಿರುವ ಒಬ್ಬ ಹುಡುಗನದು. ಕಾಂಟೆಸ್ಸಾ ನಿಂತ ಮೇಲೆ ಹುಟ್ಟಿದವನು! ಒಂದು ದಿನವೂ ಹೊಸ ಕಾಂಟೆಸ್ಸಾ ನೋಡದವನು! ಆದರೂ ಅವನ ಕಣ್ಣು ನೋಡಬೇಕಿತ್ತು. ಗ್ಯಾರೇಜಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅವನೇ ಬರೆದ ಚಿತ್ರವಿತ್ತು: ಅದೇ ಬಾನೆಟ್, ಅದೇ ಸೊಂಟ, ಆದರೆ ಹಿಂಬಾಗಿಲು ಇಲ್ಲ, ಸೂರು ಡಿಕ್ಕಿಯ ಕಡೆಗೆ ಜಾರಿಕೊಂಡು ಹೋಗಿದೆ. ಅಚ್ಚುಕಟ್ಟಾದ ಕೂಪೆ. ನಾನು ಚಿತ್ರವನ್ನೂ ಕಾರನ್ನೂ ಹತ್ತಾರು ಸಲ ನೋಡಿದೆ. ಹುಡುಗನ ಮಾತು ಸರಿಯೇ. ಈ ಮೈಯಲ್ಲಿ ಒಂದು ಕೂಪೆ ಅಡಗಿ ಕೂತಿದೆ. ಅದಕ್ಕೇ ಅಲ್ಲವೆ ಇದನ್ನು ಭಾರತದ ಮಸಲ್ ಕಾರ್ ಎಂದು ಕರೆಯುವುದು, ಅಮೆರಿಕದ ಮಸ್ಟಾಂಗ್ ಹಾಗೆ ಕಾಣುವಂತೆ ಇದನ್ನು ಮಾರ್ಪಡಿಸುವುದು!

"ಕಂಪನಿ ಬರುವ ತನಕ ಯಾಕೆ ಕಾಯಬೇಕು? ನಾವೇ ಕೊಯ್ದು ಎರಡು ಬಾಗಿಲು ಮಾಡೋಣ ಚಾಚಾ" ಎಂದ ಹುಡುಗ. "ದೊಡ್ಡ ಎಂಜಿನ್ ಇಳಿಸೋಣ."

ಸರ್ಕಾರಿ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರು ಕೈಯಲ್ಲಿದ್ದ ಕಿತ್ತಳೆ ತೊಳೆಯನ್ನು ಹಾಗೇ ಹಿಡಿದು ಕೂತುಬಿಟ್ಟರು. ಅವರ ಕಾರು ಇನ್ನೂ ಓಡುತ್ತಿದೆ, ಡೀಸೆಲ್ಲಿನದು. ಅವರಿಗೆ ವೇಗ ಬೇಡ, ಕೂಪೆ ಬೇಡ. ಅವರಿಗೆ ಬೇಕಾದದ್ದು ಆ ಸೀಟು. "ಮಗಳು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಇದರಲ್ಲೇ ಕರೆತಂದೆ. ಮೊಮ್ಮಗಳನ್ನೂ ಇದರಲ್ಲೇ ತಂದೆ. ಹೊಸದು ಬಂದರೆ ಬರಲಿ, ಅದು ನನ್ನದಲ್ಲ" ಎಂದರು. ಇನ್ನೊಬ್ಬರು ಬ್ಯಾಟರಿ ಕಾಂಟೆಸ್ಸಾ ಎಂಬ ಮಾತಿಗೇ ಕಿವಿ ಮುಚ್ಚಿಕೊಂಡರು. ಮತ್ತೊಬ್ಬರು, ಬ್ಯಾಟರಿಯಾದರೂ ಸರಿ, ಆ ಸೊಂಟ ಉಳಿದರೆ ಸಾಕು, ಸಾಲ ಮಾಡಿಯಾದರೂ ಕೊಳ್ಳುತ್ತೇನೆ ಎಂದು ಎದೆ ತಟ್ಟಿದರು.

ಸೊಂಟ ಉಳಿದೀತೆ? ಜಗತ್ತು ಎರಡೂ ಬಗೆಯ ಉತ್ತರ ಕೊಟ್ಟಿದೆ. ಫೋರ್ಡ್ ಕಾಪ್ರಿ ಯುರೋಪಿನ ದುಡಿಯುವ ಜನರ ಸ್ಪೋರ್ಟ್ಸ್ ಕೂಪೆ ಆಗಿತ್ತು, 1986ರಲ್ಲಿ ನಿಂತಿತು. 2024ರಲ್ಲಿ ಹೆಸರು ವಾಪಸ್ ಬಂತು, ಆದರೆ ಬಾಗಿಲುಗಳು ಹೆಚ್ಚಿದ ಎತ್ತರದ ಬ್ಯಾಟರಿ ಎಸ್‌ಯುವಿಯ ಮೇಲೆ ಅಂಟಿಕೊಂಡು. ಹಳೆಯ ಅಭಿಮಾನಿಗಳ ಸಂಕಟ ನನಗೆ ಅರ್ಥವಾಗುತ್ತದೆ. ಹೋಂಡಾ ಪ್ರೆಲ್ಯೂಡ್ ಹಾಗಾಗಲಿಲ್ಲ. 2001ರಲ್ಲಿ ಮರೆಯಾದದ್ದು 2025ರಲ್ಲಿ ಎರಡು ಬಾಗಿಲಿನ ಕೂಪೆಯಾಗಿಯೇ ಮರಳಿತು. ನಮ್ಮಲ್ಲೇ ನೋಡಿ, 1991ರ ಟಾಟಾ ಸಿಯೆರಾ 2025ರ ನವೆಂಬರ್‌ನಲ್ಲಿ ಮತ್ತೆ ಬಂತು, ಹಿಂಭಾಗದ ಆ ದೊಡ್ಡ ಬಾಗುಗಾಜಿನ ನೆನಪನ್ನು ಮೈಮೇಲೆ ಹೊತ್ತುಕೊಂಡು. ಆ ಕಾರು ನೋಡಿದವರು ಮೊದಲು ಬೆರಳು ಮಾಡುವುದು ಆ ಗಾಜಿನ ಕಡೆಗೇ.

ನಾನು ಮೈಸೂರಿನ ಕಥೆ ಹೇಳಿದೆ. ಹೇಳದೆ ಇರಲಾಗಲಿಲ್ಲ! ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ, 1961ರಿಂದ ಹೊರಬಂದ ಜಾವಾ, 1973ರಿಂದ ಯೆಜ್ಡಿ, ಕಿಕ್ ಹೊಡೆದ ಪೆಡಲನ್ನೇ ಮುಂದಕ್ಕೆ ಮಡಚಿದರೆ ಗೇರ್ ಲಿವರ್ ಆಗುವ ಆ ಚಮತ್ಕಾರ, 1996ರಲ್ಲಿ ಬಿದ್ದ ಬೀಗ. ಬೀಗ ಬಿದ್ದ ಮೇಲೂ ಬೆಂಗಳೂರು ಮೈಸೂರುಗಳ ಹುಚ್ಚರು ಪ್ರತಿ ಜುಲೈ ಎರಡನೆಯ ಭಾನುವಾರ ಜಾವಾ ದಿನವೆಂದು ಹಳೆಯ ಬೈಕುಗಳನ್ನು ಬೀದಿಗಿಳಿಸುತ್ತಲೇ ಇದ್ದರು. ಅಲ್ಲೂ ಇಂಥದ್ದೇ ಅಂತೆ ಹಬ್ಬಿತ್ತು, ಬರುತ್ತಂತೆ, ಬರುತ್ತಂತೆ! ಮಹೀಂದ್ರ ಪಾಲುದಾರಿಕೆಯ ಕ್ಲಾಸಿಕ್ ಲೆಜೆಂಡ್ಸ್ 2018ರ ನವೆಂಬರ್ 15ರಂದು ಜಾವಾವನ್ನು ತಂದೇಬಿಟ್ಟಿತು, 2022ರ ಜನವರಿಯಲ್ಲಿ ಯೆಜ್ಡಿಯನ್ನೂ. ಯೆಜ್ಡಿ ಹೆಸರು ಯಾರದೆಂಬ ವ್ಯಾಜ್ಯ ಕರ್ನಾಟಕ ಹೈಕೋರ್ಟಿನ ತನಕ ಹೋಯಿತು. ಹೊಸದರಲ್ಲಿ ಟೂ ಸ್ಟ್ರೋಕ್ ಹೊಗೆ ಇಲ್ಲ, ಆ ಡೋಲಿನ ಸದ್ದಿಲ್ಲ ಎಂದು ಹಳಬರು ಮರುಗಿದರು. ಆದರೂ ಜೋಡಿ ಸೈಲೆನ್ಸರ್ ಕಂಡಾಗ ಅವರ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

"ಆ ಹೊಸ ಜಾವಾ ಎಲ್ಲಿ ತಯಾರಾಗುತ್ತದೆ ಹೇಳಿ?" ಎಂದು ಉಸ್ತಾದರನ್ನು ಕೇಳಿದೆ. ಈಗ ಅವರು ಅಚ್ಚರಿಪಡುವ ಸರದಿ. ಪೀಥಂಪುರದಲ್ಲಿ! ಕಾಂಟೆಸ್ಸಾದ ಗುಂಡಿಗೆ ತಯಾರಾದ ಊರಿನಲ್ಲೇ ಮೈಸೂರಿನ ಜಾವಾ ಮರುಹುಟ್ಟು ಪಡೆದಿದೆ. ಇಡೀ ಸಭೆ ಹೋ ಎಂದಿತು.

ಬೆಂಗಳೂರಿನ ಇನ್ನೊಂದು ಮಾತನ್ನೂ ಆ ಹುಡುಗನ ಕಿವಿಯಲ್ಲಿ ಹಾಕಿದೆ. ಎರಡು ಬಾಗಿಲು, ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರನ್ನು ಬೆಂಗಳೂರಿನ ಸ್ಯಾನ್ ಮೋಟಾರ್ಸ್ ತೊಂಬತ್ತರ ದಶಕದ ಕೊನೆಯಲ್ಲೇ ಮಾಡಿತ್ತು. ಹೆಸರು ಸ್ಟಾರ್ಮ್, ಫೈಬರ್ ಮೈ, ರೆನೋ ಕಂಪನಿಯ 1149 ಸಿಸಿ ಎಂಜಿನ್. ಹುಡುಗನಿಗೆ ಗೊತ್ತೇ ಇರಲಿಲ್ಲ. ನಮ್ಮ ಕನ್ನಡದ ಎಷ್ಟು ಓದುಗರಿಗೆ ಗೊತ್ತು?

ಹುಡುಗ ಮತ್ತೆ ಕೊಯ್ಯುವ ಮಾತೆತ್ತಿದ. ಆಗ ಉಸ್ತಾದ್ ಎದ್ದು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಫೈಲು ತಂದರು. ಅದರಲ್ಲಿ ಆರ್‌ಸಿ ಬುಕ್, ಅದರ ಹಿಂದೆ ಮಡಚಿಟ್ಟ ಒಂದು ಕಾಗದ. ನನಗೆ ಆ ಇಡೀ ಪಯಣದ ದೊಡ್ಡ ಬೆರಗು ಆ ಕಾಗದವೇ.

ಅದರಲ್ಲಿದ್ದದ್ದು ಒಂದು ಸರ್ಕಾರಿ ನಿಯಮ. 2021ರ ಜುಲೈನಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮ ತಂದಿತು. ಸಚಿವರು ನಿತಿನ್ ಗಡ್ಕರಿ, ಇದೇ ನಾಗಪುರದ ಸಂಸದರು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಕ್ಕೆ ವಿಎ ಅಕ್ಷರಗಳಿರುವ ವಿಶೇಷ ಸಂಖ್ಯೆ. ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ ಮಾನ್ಯ. ಆದರೆ ಒಂದು ಷರತ್ತು: ಚಾಸಿಸ್, ಮೈ, ಎಂಜಿನ್ ಯಾವುದನ್ನೂ ಹೆಚ್ಚು ಬದಲಿಸಿರಬಾರದು. ಹುಟ್ಟಿದ ಹಾಗೆಯೇ ಇರಬೇಕು.

"1984ಕ್ಕೆ 50 ಕೂಡಿಸು" ಎಂದರು ಉಸ್ತಾದ್ ಹುಡುಗನಿಗೆ.

ಹುಡುಗ ಕೂಡಿಸಿದ. 2034.

ಅದು ಮೊದಲ ಕಾಂಟೆಸ್ಸಾದ ಲೆಕ್ಕ. ಆಮೇಲೆ ಬಂದ ಈ ಇಸುಜು ಕಾಂಟೆಸ್ಸಾ ಇನ್ನೂ ಕಾಯಬೇಕು. ಅಲ್ಲಿಯವರೆಗೆ ಈ ಕಾರು ತ್ರಿಶಂಕು. ವಿಂಟೇಜ್ ಅಲ್ಲ, ಹಾಗಾಗಿ ಗೌರವವಿಲ್ಲ. ಬರೀ ಹಳೆಯದು, ಹಾಗಾಗಿ ಗುಜರಿಯ ಕಣ್ಣು. 20 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಲಾಯಿತು. ಕೊನೆಯ ಕಾಂಟೆಸ್ಸಾ ಹೊರಬಂದದ್ದು 2002ರಲ್ಲಾದ್ದರಿಂದ ದೇಶದಲ್ಲಿ ಉಳಿದ ಒಂದೊಂದು ಕಾಂಟೆಸ್ಸಾವೂ ಆ ಲೆಕ್ಕಕ್ಕೆ ಸೇರುತ್ತದೆ. ದೆಹಲಿ ಸುತ್ತಮುತ್ತಲಿನ ಹಳೆಯ ವಾಹನಗಳ ಪಾಡು ಇನ್ನೂ ಕಷ್ಟ. ಹಾಗಾಗಿ ಗುಜರಿಗೆ ಹೋಗುವ ಕಾರುಗಳೂ ಇವೆ. ಹೋದ ಪ್ರತಿಯೊಂದು ಕಾರಿನಿಂದ ಒಂದು ಟೇಲ್ ಲೈಟ್, ಒಂದು ಮುಂಗಾಜು, ಒಂದು ಬಾಗಿಲ ಹಿಡಿ ಉಳಿಸಿಕೊಳ್ಳಲು ಇಂಥ ಉಸ್ತಾದರು ಕೋಲ್ಕತ್ತದ ಮಲ್ಲಿಕ್ ಬಜಾರ್, ದೆಹಲಿಯ ಮಾಯಾಪುರಿಗಳಲ್ಲಿ ಅಲೆಯುತ್ತಾರೆ. ಗ್ಯಾರೇಜಿನ ಅಟ್ಟದ ಮೇಲೆ ಅವರ ಭಂಡಾರ ನೋಡಿದೆ. ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟ ಗಾಜುಗಳು, ಬಿಸ್ಕತ್ತಿನ ಡಬ್ಬಿಯಲ್ಲಿ ಕಾರ್ಬ್ಯುರೇಟರಿನ ಜೆಟ್‌ಗಳು, ಗೋಣಿಯಲ್ಲಿ ಒಂದು ಇಡೀ ಗೇರ್‌ಬಾಕ್ಸ್! ಯಾವ ವಸ್ತುಸಂಗ್ರಹಾಲಯದಲ್ಲೂ ನಾನು ಇಷ್ಟು ಮೆಲ್ಲಗೆ ಹೆಜ್ಜೆ ಇಟ್ಟಿರಲಿಲ್ಲ.

"ಹೊಸ ಕಾಂಟೆಸ್ಸಾ ಬಂದರೆ ನಿಮಗೇನು ಬೇಕು ಉಸ್ತಾದ್?" ಎಂದೆ.

ಅವರು ಯೋಚಿಸಲೇ ಇಲ್ಲ. "ಹಳೆಯದರ ರಬ್ಬರ್ ಬೀಡಿಂಗ್ ಮಾಡಿಕೊಡಲಿ. ಮುಂಗಾಜಿನದು ಸಿಗುತ್ತಲೇ ಇಲ್ಲ."

ಸಂಜೆ ಬ್ಯಾಟರಿ ಜೋಡಿಸಿದರು. ಕಾರ್ಬ್ಯುರೇಟರಿಗೆ ಒಂದು ಮುಚ್ಚಳ ಪೆಟ್ರೋಲ್ ಹನಿಸಿದರು. ಮೊದಲ ಸಲ ಬರೀ ಗುರ್ ಎಂದಿತು. ಎರಡನೆಯ ಸಲ ಕೆಮ್ಮಿತು. ನಾವು ಎಂಟೂ ಮಂದಿ ಉಸಿರು ಹಿಡಿದಿದ್ದೆವು. ಮೂರನೆಯ ಸಲ ಇಸುಜು ಹತ್ತಿಕೊಂಡಿತು! ತಗಡಿನ ಸೂರು ಅದುರಿತು, ಬೇವಿನ ಮರದ ಕಾಗೆಗಳು ಹಾರಿದವು, ನನ್ನ ಕಲಬುರಗಿಯ ಗೆಳೆಯ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಿಂತಿದ್ದ. ಹುಡುಗ ಮೆಲ್ಲನೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಆ ನಡುಕವನ್ನು ಕೇಳಿಸಿಕೊಂಡ. ಕೊಯ್ಯುವ ಮಾತು ಅವನು ಆಮೇಲೆ ಆಡಲಿಲ್ಲ. ಗೋಡೆಯ ಮೇಲಿನ ಕೂಪೆಯ ಚಿತ್ರವನ್ನು ಯಾರೂ ಅಳಿಸಲಿಲ್ಲ.

ಓದುಗರೇ, ಕಲಬುರಗಿಯಲ್ಲೋ ದಾವಣಗೆರೆಯಲ್ಲೋ ನಿಮ್ಮ ತಾತನ ತೋಟದ ಮನೆಯ ಹಿಂದೆ, ಹುಣಸೆ ಮರದ ಕೆಳಗೆ, ಇಂಥದೊಂದು ಉದ್ದ ಬಾನೆಟ್ಟಿನ ಕಾರು ಕೆಟ್ಟು ನಿಂತಿರಬಹುದು. ದಯವಿಟ್ಟು ಅದನ್ನು ಕಿಲೊ ಲೆಕ್ಕದಲ್ಲಿ ಗುಜರಿಗೆ ಹಾಕಬೇಡಿ. ಅದು ಓಡದೆ ಇರಬಹುದು, ಆದರೆ ಅದರ ಒಂದು ಟೇಲ್ ಲೈಟಿಗಾಗಿ ನಾಗಪುರದ ಕಾಮಠಿ ರಸ್ತೆಯಲ್ಲಿ ಒಬ್ಬ ಮುದುಕರು ಕಾಯುತ್ತಿದ್ದಾರೆ. ಆರ್‌ಸಿ ಬುಕ್ಕನ್ನು ಹುಡುಕಿ ತೆಗೆದು ಮೊದಲ ನೋಂದಣಿಯ ದಿನಾಂಕ ನೋಡಿ. ಅದಕ್ಕೆ 50 ಕೂಡಿಸಿ. ಆ ವರ್ಷದ ತನಕ ಅದನ್ನು ಮಳೆಗೆ ನೆನೆಯದಂತೆ ಮುಚ್ಚಿಡಿ.